ಆಡಿಗೆ ಬೇಕಾದ್ದು ಒಣ ನೆಲ

ಮೊದಲ ಹನಿ ಬಿದ್ದಾಗ ಮಂದೆಯಲ್ಲಿ ಏನಾಗುತ್ತದೆ ಎಂದು ದನ-ಕುರಿ ಮೇಯಿಸುವವರನ್ನು ಕೇಳಿ. ಎಮ್ಮೆ ನಿಂತಲ್ಲೇ ನಿಂತು ಮೈಯೊಡ್ಡುತ್ತದೆ. ಕುರಿಗಳು ತಲೆ ತಗ್ಗಿಸಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಆಡು ಮಾತ್ರ ಯಾರ ಅಪ್ಪಣೆಗೂ ಕಾಯದೆ ಊರ ಕಡೆ ಓಟ ಕೀಳುತ್ತದೆ. ಬಂಡೆಯ ಸಂದು, ಹಾಳು ಗುಡಿಯ ಜಗಲಿ, ಬಸ್ ನಿಲ್ದಾಣದ ಸೂರು, ಯಾವುದಾದರೂ ಸರಿ, ಕಾಲೂರಲು ಒಣಗಿದ ನೆಲ ಸಿಕ್ಕರೆ ಅಲ್ಲಿಗೆ ಅದರ ಓಟ ನಿಲ್ಲುತ್ತದೆ. ಮಳೆಗೆ ಆಡಿನಷ್ಟು ಹೆದರುವ ಸಾಕುಪ್ರಾಣಿ ಇನ್ನೊಂದಿಲ್ಲ. ಆ ಹೆದರಿಕೆಗೆ ಗಟ್ಟಿ ಕಾರಣವಿದೆ.

ಇವತ್ತಿನ ಸಾಕು ಆಡುಗಳ ಮೂಲ ಪಶ್ಚಿಮ ಏಷ್ಯಾದ ಬೆಜೋರ್ ಎಂಬ ಕಾಡು ಆಡು. ಇರಾನಿನ ಜಾಗ್ರೋಸ್ ಬೆಟ್ಟಸಾಲಿನ ಸೀಮೆಯಲ್ಲಿ ಸುಮಾರು 10,000 ವರ್ಷಗಳ ಹಿಂದೆ ಮನುಷ್ಯ ಅದನ್ನು ಪಳಗಿಸಿದ. ಕಲ್ಲು, ಕುರುಚಲು ಗಿಡ, ಒಣ ಗಾಳಿ, ಕಾಲಡಿ ನೀರು ನಿಲ್ಲದ ಇಳಿಜಾರು, ಇವು ಅದರ ತವರು. ಆ ತವರಿನ ಗುರುತು ಇನ್ನೂ ಆಡಿನ ಮೈಮೇಲಿದೆ. ಕುರಿಯ ಉಣ್ಣೆ ಒತ್ತಾಗಿರುತ್ತದೆ, ಅದರಲ್ಲಿ ನೀರು ಜಾರಿಸುವ ಜಿಡ್ಡು ಇರುತ್ತದೆ. ಮೇಲೆ ತೊಯ್ದರೂ ಚರ್ಮದ ಹತ್ತಿರ ಬೆಚ್ಚನೆಯ ಗಾಳಿ ಉಳಿಯುತ್ತದೆ. ನಮ್ಮ ಬಯಲು ನಾಡಿನ ಆಡಿಗಿರುವುದು ತೆಳುವಾದ ಗಿಡ್ಡ ಕೂದಲು, ಅದರಲ್ಲಿ ಜಿಡ್ಡೂ ಕಡಿಮೆ. ಮಾಂಸ ಕಡಿಯುವವರಿಗೆ ಇನ್ನೊಂದು ಸಂಗತಿ ಗೊತ್ತಿರುತ್ತದೆ: ಆಡಿನ ಕೊಬ್ಬು ಹೆಚ್ಚಾಗಿ ಕರುಳು, ಮೂತ್ರಪಿಂಡಗಳ ಸುತ್ತ ಸೇರಿರುತ್ತದೆ, ಚರ್ಮದ ಕೆಳಗೆ ತೀರಾ ತೆಳು. ಅಂದರೆ ಮೈಗೆ ಹೊರಗಿನ ಹೊದಿಕೆಯೂ ಸಾಲದು, ಒಳಗಿನ ಹೊದಿಕೆಯೂ ಸಾಲದು.

ಒಂದು ಸಣ್ಣ ಲೆಕ್ಕ ನೋಡಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೊಕ್ಯಾಲರಿ ಶಾಖ ಬೇಕು. 25 ಕಿಲೊ ತೂಗುವ ಆಡು ಬೆಳೆಯದೆ, ಹಾಲು ಕೊಡದೆ, ಬರೀ ಬದುಕಿರುವುದಕ್ಕೆ ದಿನಕ್ಕೆ ಬೇಕಾದ ಶಕ್ತಿ 1,100 ಕಿಲೊಕ್ಯಾಲರಿಯ ಆಸುಪಾಸು. ಅದು ಅರ್ಧ ಲೀಟರ್ ನೀರನ್ನು ಮೈಮೇಲೆ ಹೊತ್ತು ಬಂದು, ಒಣಗುವ ಶಾಖವನ್ನೆಲ್ಲ ತನ್ನ ಮೈಯಿಂದಲೇ ತೆರಬೇಕಾಗಿ ಬಂದರೆ, ದಿನದ ಮೇವಿನ ಕಾಲು ಪಾಲು ಮೈ ಆರಿಸಿಕೊಳ್ಳುವುದಕ್ಕೇ ಹೋಯಿತು. ಗಾಳಿ ಬೀಸುತ್ತಿದ್ದರೆ ಈ ಸುಲಿಗೆ ಇನ್ನೂ ಜೋರು. ಜಡಿಮಳೆಯ ಒಂದು ವಾರದಲ್ಲಿ ಆಡುಗಳು ಬಡಕಲಾಗುವುದಕ್ಕೆ, ಹಾಲು ಬತ್ತುವುದಕ್ಕೆ ರೋಗವೇ ಬರಬೇಕಾಗಿಲ್ಲ.

ಹಾಗಾದರೆ ಮೇಲೊಂದು ಸೂರು ಹಾಕಿದರೆ ಮುಗಿಯಿತಲ್ಲ ಎನ್ನಬಹುದು. ನನ್ನ ತಕರಾರು ಇರುವುದು ಇಲ್ಲೇ. ಆಡಿನ ಮನೆ ಎಂದರೆ ನಾವು ಮೊದಲು ತಗಡು, ಶೀಟು, ಹೆಂಚುಗಳ ಮಾತು ಆಡುತ್ತೇವೆ. ಇರುವ ದುಡ್ಡನ್ನೆಲ್ಲ ಮೇಲಕ್ಕೆ ಸುರಿಯುತ್ತೇವೆ. ನೆಲ ಹೇಗಿದ್ದರೂ ನಡೆಯುತ್ತದೆ ಎಂದುಕೊಳ್ಳುತ್ತೇವೆ. ಆದರೆ ಮಳೆಯಲ್ಲಿ ನೆನೆದ ಆಡು ಒಣ ನೆಲಕ್ಕೆ ಬಂದರೆ ಕೆಲವು ಗಂಟೆಗಳಲ್ಲಿ ಆರಿಕೊಳ್ಳುತ್ತದೆ. ಹೆಂಚಿನ ಕೆಳಗೇ ಇದ್ದು ಗಂಜಲ, ಹಿಕ್ಕೆ, ಸೋರಿದ ನೀರು ಕಲೆತ ಕೆಸರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲಗುವ ಆಡು ಆರುವುದೇ ಇಲ್ಲ. ಗೊರಸು ಮೆತ್ತಗಾಗಿ ಕೊಳೆಯುತ್ತದೆ. ಕೆಚ್ಚಲು ಬಾವು ಬರುತ್ತದೆ. ಮರಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿಯ ತತ್ತಿಗಳು ಹದವಾಗುವುದೇ ಈ ತೇವದಲ್ಲಿ. ನೆಲ ಒಣಗಿದ್ದರೆ ಹೆಚ್ಚಿನವು ಅಲ್ಲೇ ಸಾಯುತ್ತವೆ.

ಕೇರಳದ ಮಲಬಾರ್ ಕಡೆಯವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡು ಆಡುಗಳನ್ನು ನೆಲದಿಂದ ಮೇಲೆತ್ತಿ ಸಾಕುತ್ತ ಬಂದಿದ್ದಾರೆ. ನಮ್ಮಲ್ಲೂ ಕರಾವಳಿ, ಮಲೆನಾಡುಗಳಲ್ಲಿ ಅಟ್ಟಣಿಗೆ ಪದ್ಧತಿ ಎಂದು ಅದು ಹೆಸರಾಗಿದೆ. ನೆಲದಿಂದ ಮೂರ್ನಾಲ್ಕು ಅಡಿ, ಒಳಗೆ ಬಗ್ಗಿ ಗೊಬ್ಬರ ಬಾಚುವಂತಿರಬೇಕಾದರೆ ಐದಾರು ಅಡಿ ಎತ್ತರಕ್ಕೆ ಕಂಬ ನಿಲ್ಲಿಸಿ, ಮೇಲೆ ಸಂದು ಬಿಟ್ಟು ಪಟ್ಟಿಗಳನ್ನು ಹೊಡೆದರೆ ಗಂಜಲ, ಹಿಕ್ಕೆ ಕೆಳಗೆ ಬೀಳುತ್ತವೆ, ಕೆಳಗಿನಿಂದ ಗಾಳಿ ಆಡುತ್ತದೆ. ಮಲೆನಾಡಿನಲ್ಲಿ ಕೈಗೆ ಸಿಗುವ ಸಾಮಾನು ಅಡಿಕೆ ದಬ್ಬೆ. ಅಗ್ಗ, ಹಗುರ, ಆದರೆ ಗಂಜಲಕ್ಕೆ ಬೇಗ ಲಡ್ಡಾಗುತ್ತದೆ, ಪ್ರತಿವರ್ಷ ಮಳೆಗೆ ಮುಂಚೆ ಒಂದೊಂದನ್ನೂ ತುಳಿದು ನೋಡಿ ಬದಲಿಸಬೇಕು. ಸೀಳದ ಉರುಟು ಬಿದಿರು ತೇವಕ್ಕೆ ಜಾರುತ್ತದೆ, ಗಬ್ಬದ ಆಡು ಕಾಲು ಜಾರಿ ಬಿದ್ದರೆ ಕಂದು ಹಾಕುವ ಅಪಾಯವಿದೆ. ಮರದ ಪಟ್ಟಿಯಾದರೆ ಒಳ್ಳೆಯದು. ಈಗ ಪ್ಲಾಸ್ಟಿಕ್ ಹಲಗೆಗಳೂ ಬಂದಿವೆ, ತೊಳೆಯಲು ಸುಲಭ, ಬೆಲೆ ಮಾತ್ರ ಸಣ್ಣ ಸಾಕಣೆದಾರರಿಗೆ ಎಟಕುವುದಿಲ್ಲ. ಸಂದು ಒಂದೂವರೆ ಸೆಂಟಿಮೀಟರ್‌ನಷ್ಟಿರಲಿ. ಅದಕ್ಕಿಂತ ಕಿರಿದಾದರೆ ಹಿಕ್ಕೆ ಸಿಕ್ಕಿಕೊಳ್ಳುತ್ತದೆ, ಅಗಲವಾದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ. ಎಳೆ ಮರಿಗಳ ಮೂಲೆಗೆ ಸಂದು ಇನ್ನೂ ಕಿರಿದು ಮಾಡಿ, ಮೇಲೆ ಒಂದು ಗೋಣಿತಾಟು ಹಾಸಿ, ದಿನವೂ ಬದಲಿಸಿ. ದೊಡ್ಡ ಆಡಿಗೆ 10ರಿಂದ 12 ಚದರ ಅಡಿ ಜಾಗ ಕೊಡುವುದು ರೂಢಿ. ಬೇಸಿಗೆಯಲ್ಲಿ ಇಡೀ ದಿನ ಹೊರಗಿರುವ ಆಡು ಮಳೆಗಾಲದಲ್ಲಿ ಇಡೀ ದಿನ ಒಳಗಿರುತ್ತದೆ ಎಂಬುದನ್ನು ಜಾಗ ಅಳೆಯುವಾಗ ಮರೆಯಬಾರದು.

ಇಷ್ಟೆಲ್ಲ ಹೇಳುವಾಗ ನನ್ನ ಕಣ್ಣ ಮುಂದಿರುವುದು ನಾಲ್ಕೈದು ಆಡು ಕಟ್ಟಿಕೊಂಡಿರುವ ಮನೆಗಳು. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ 61 ಲಕ್ಷಕ್ಕೂ ಹೆಚ್ಚು ಆಡುಗಳಿದ್ದವು. ಅವುಗಳಲ್ಲಿ ಎಷ್ಟೋ ಇರುವುದು ಜಮೀನಿಲ್ಲದವರ, ತುಂಡು ಜಮೀನಿನವರ ಅಂಗಳದಲ್ಲಿ. ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರು. ಮಗಳ ಫೀಸು, ಆಸ್ಪತ್ರೆಯ ಖರ್ಚು, ಹಬ್ಬದ ಬಟ್ಟೆ, ಎಲ್ಲಕ್ಕೂ ಆ ಆಡೇ ಆಧಾರ. ಅವರಿಗೆ ಲಕ್ಷಗಟ್ಟಲೆ ಸುರಿದು ಅಟ್ಟಣಿಗೆ ಕಟ್ಟಿಸಿ ಎನ್ನುವುದು ಸರಿಯಾಗದು. ಆದರೆ ಕೊಟ್ಟಿಗೆಯ ನೆಲವನ್ನು ಸುತ್ತಲಿನ ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರಿಸಿ, ಗರಸು ಮಣ್ಣು ಹಾಕಿ ದಿಮ್ಮಸು ಹೊಡೆದು, ಒಂದು ಕಡೆಗೆ ಇಳಿಜಾರು ಕೊಟ್ಟು, ಸುತ್ತ ಒಂದು ಕಾಲುವೆ ತೋಡಿ ಸೂರಿನ ನೀರನ್ನು ದೂರ ಸಾಗಿಸಬಹುದು. ಒಳಗೊಂದು ಮೂಲೆಯಲ್ಲಿ ಹಳೆಯ ಮಂಚವನ್ನೋ ನಾಲ್ಕು ಹಲಗೆ ಜೋಡಿಸಿದ ಕಟ್ಟೆಯನ್ನೋ ಇಟ್ಟು ನೋಡಿ. ಹತ್ತಿ ಮಲಗುವುದು ಆಡಿನ ಹುಟ್ಟುಗುಣ, ಯಾರೂ ಕಲಿಸಬೇಕಾಗಿಲ್ಲ. ಭತ್ತದ ಹುಲ್ಲು, ಮರದ ಹೊಟ್ಟು ಹಾಸಬಹುದು, ಒದ್ದೆಯಾದದ್ದನ್ನು ದಿನವೂ ತೆಗೆದರೆ ಮಾತ್ರ. ಒಲೆಯ ಬೂದಿ, ಸುಣ್ಣದ ಪುಡಿ ಎರಚಿದರೆ ತೇವ ಹೀರುತ್ತದೆ. ಬರೀ ಸಿಮೆಂಟ್ ನೆಲ ನೋಡಲು ಅಚ್ಚುಕಟ್ಟು, ಮಳೆಗಾಲದ ಆಡಿಗೆ ಕೆಟ್ಟದ್ದು. ನೀರು ಇಂಗುವುದಿಲ್ಲ, ಮಲಗಿದ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಈಗಾಗಲೇ ಸಿಮೆಂಟ್ ಹಾಕಿಸಿದವರು ಮೇಲೊಂದು ಹಲಗೆಯ ಕಟ್ಟೆ ಇಡುವುದೇ ಪರಿಹಾರ.

ನೆಲದ ನಂತರ ಇರಚಲು. ನೈರುತ್ಯದಿಂದ ಬೀಸುವ ಗಾಳಿ ಮಳೆಯನ್ನು ಅಡ್ಡಡ್ಡ ಹೊಡೆಯುವ ಕಡೆಗಳಲ್ಲಿ ಸೂರಿನ ಅಂಚು ಮೂರಡಿಯಾದರೂ ಹೊರಚಾಚಿರಬೇಕು. ಗಾಳಿ ಬರುವ ಮಗ್ಗುಲಿಗೆ ಆಡಿನ ಎದೆಮಟ್ಟಕ್ಕಿಂತ ಮೇಲೆ, ಮೂರು-ನಾಲ್ಕು ಅಡಿಯವರೆಗೆ ಗೋಡೆಯೋ ತಡಿಕೆಯೋ ಇರಲಿ, ಅದರ ಮೇಲೆ ಜಾಲರಿ. ಸೋಗೆಯ ತಟ್ಟಿ ಹೆಣೆದು ಕಟ್ಟಿದರೂ ಸಾಕು, ಮಳೆ ನಿಂತಾಗ ಎತ್ತಿಡಬಹುದು.

ಚಳಿಯಾದೀತು ಎಂಬ ಕನಿಕರದಿಂದ ಕೊಟ್ಟಿಗೆಯನ್ನು ನಾಲ್ಕೂ ಕಡೆ ನೀಲಿ ಟಾರ್ಪಾಲಿನಲ್ಲಿ ಬಿಗಿದು ಕಟ್ಟುವವರಿದ್ದಾರೆ. ಹೊಸದಾಗಿ ಸಾಕಣೆಗೆ ಇಳಿದವರಲ್ಲಿ ಇದು ಹೆಚ್ಚು. ಕನಿಕರ ನಿಜ, ಫಲ ಮಾತ್ರ ಕೆಟ್ಟದ್ದು. ಒಳಗಿನ ಗಂಜಲದಿಂದ ಅಮೋನಿಯಾ ಏಳುತ್ತದೆ, ಉಸಿರಿನ ಆವಿ ತಗಡಿಗೆ ತಗುಲಿ ಮತ್ತೆ ಹನಿಯಾಗಿ ಬೀಳುತ್ತದೆ. ಮನುಷ್ಯ ನಿಂತ ಎತ್ತರದಲ್ಲಿ ಅದು ಗೊತ್ತಾಗದು. ಬೆಳಗಿನ ಜಾವ ಕೊಟ್ಟಿಗೆಗೆ ಹೋಗಿ ಕುಕ್ಕುರುಗಾಲಲ್ಲಿ ಕೂತು, ಆಡಿನ ಮೂಗಿನ ಮಟ್ಟದಲ್ಲಿ ಉಸಿರೆಳೆದು ನೋಡಿ. ಕಣ್ಣು ಉರಿದರೆ, ಮೂಗಿಗೆ ಘಾಟು ಹೊಡೆದರೆ, ರಾತ್ರಿಯಿಡೀ ಆಡುಗಳು ಅದನ್ನೇ ಕುಡಿದಿವೆ. ಆ ಘಾಟು ಶ್ವಾಸನಾಳದ ಒಳಪದರವನ್ನು ಸವೆಸುತ್ತದೆ. ಆರೋಗ್ಯವಂತ ಆಡಿನ ಮೂಗು-ಗಂಟಲಲ್ಲೇ ಸುಮ್ಮನೆ ಇರುವ ಮ್ಯಾನ್‌ಹೀಮಿಯಾ, ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾಗಳು ಇಂಥ ಹೊತ್ತು ನೋಡಿ ಶ್ವಾಸಕೋಶಕ್ಕೆ ಇಳಿಯುತ್ತವೆ. ನ್ಯುಮೋನಿಯಾ ಹೀಗೆ ಬರುತ್ತದೆ. ನೊಣ-ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕುವುದು ಒಳ್ಳೆಯ ರೂಢಿಯೇ, ಗಾಳಿಯಾಡದ ಕೊಟ್ಟಿಗೆಯಲ್ಲಿ ಮಾತ್ರ ಅದೂ ಕೆಡುಕು.

ಇಲ್ಲೊಂದು ಎಚ್ಚರ. ಮಳೆಯಲ್ಲಿ ನೆನೆದ ಆಡು ಸೀನಿದರೆ, ಕೆಮ್ಮಿದರೆ, ಶೀತವಾಗಿದೆ ಬಿಡಿ ಎನ್ನುತ್ತೇವೆ. ಜೊತೆಗೆ ಜೋರು ಜ್ವರ, ಕಣ್ಣು-ಮೂಗಲ್ಲಿ ಅಂಟು ಸೋರಿಕೆ, ಬಾಯೊಳಗೆ ಹುಣ್ಣು, ಆಮೇಲೆ ಭೇದಿ ಕಂಡರೆ ಅದು ಪಿಪಿಆರ್ ಇರಬಹುದು. ವೈರಸ್‌ನಿಂದ ಬರುವ ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಮುಕ್ತೇಶ್ವರದ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ ತಯಾರಾದ ಲಸಿಕೆ ಒಮ್ಮೆ ಹಾಕಿಸಿದರೆ ಮೂರು ವರ್ಷವಾದರೂ ಕಾಯುತ್ತದೆ. 2030ರೊಳಗೆ ಇದನ್ನು ಭೂಮಿಯ ಮೇಲಿಂದಲೇ ಅಳಿಸಬೇಕೆಂದು ಜಗತ್ತು ಗುರಿ ಇಟ್ಟುಕೊಂಡಿದೆ. ಇಷ್ಟೆಲ್ಲ ಇದ್ದೂ ಶೀತವೆಂದು ಕೂತು ಇಡೀ ಹಿಂಡು ಕಳೆದುಕೊಳ್ಳುವುದು ನೋವಿನ ಸಂಗತಿ. ಆಡಿನ ಸಹಜ ಶಾಖ 102-103 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಮನೆಯಲ್ಲಿ ಒಂದು ಥರ್ಮಾಮೀಟರ್ ಆಡಿಗೆಂದೇ ಇಟ್ಟುಕೊಳ್ಳುವುದು ಅತಿಯಾಗುವುದಿಲ್ಲ. ಪಶು ಆಸ್ಪತ್ರೆ ದೂರವಿದ್ದರೆ 1962 ಸಹಾಯವಾಣಿಗೆ ಕರೆ ಮಾಡಬಹುದು.

ಮಳೆಗಾಲದಲ್ಲಿ ಆಡು ಕಳೆದುಕೊಳ್ಳುವ ಇನ್ನೊಂದು ದಾರಿ ಹೊಟ್ಟೆಯೊಳಗಿನದು, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ಹಿಮೋಂಕಸ್ ಎಂಬ ಜಂತುಹುಳು ಜಠರದ ನಾಲ್ಕನೇ ಕೋಣೆಯಲ್ಲಿ ಅಂಟಿಕೊಂಡು ರಕ್ತ ಹೀರುತ್ತದೆ. ಹೆಣ್ಣು ಹುಳು ಎರಡು-ಮೂರು ಸೆಂಟಿಮೀಟರ್ ಉದ್ದ; ರಕ್ತ ತುಂಬಿದ ಕರುಳಿನ ಸುತ್ತ ಬಿಳಿಯ ಅಂಡಕೋಶ ಹೆಣೆದುಕೊಂಡು ಕೆಂಪು-ಬಿಳಿ ಹುರಿದಾರದಂತೆ ಕಾಣುತ್ತದೆ. ದಿನಕ್ಕೆ 5,000ದಿಂದ 10,000 ತತ್ತಿ ಇಡುತ್ತದೆ. ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿಲೀಟರ್ ರಕ್ತ ಹೋದಂತೆ; 25 ಕಿಲೊ ಆಡಿನ ಮೈಯಲ್ಲಿರುವುದೇ ಒಂದೂವರೆ-ಎರಡು ಲೀಟರ್. ಹಿಕ್ಕೆಯ ಜೊತೆ ಹೊರಬಿದ್ದ ತತ್ತಿ ಬೇಸಿಗೆಯ ಬಿಸಿಲಿಗೆ ಬಹುಮಟ್ಟಿಗೆ ಒಣಗಿ ಹೋಗುತ್ತದೆ. ಮಳೆ-ಸೆಕೆ ಎರಡೂ ಸೇರಿದಾಗ ಒಂದು ವಾರದೊಳಗೆ ಮರಿಹುಳುವಾಗಿ, ಹುಲ್ಲಿನ ಮೇಲಿನ ನೀರಿನ ಪೊರೆಯಲ್ಲಿ ಈಜುತ್ತ ಮೇಲೇರಿ, ಆಡಿನ ಬಾಯಿಗೆ ಕಾಯುತ್ತದೆ.

ಮೇಲೇರುತ್ತದೆ ಎಂದರೆ ಎಷ್ಟು? ಹೆಚ್ಚಿನವು ನೆಲದಿಂದ ಎಂಟು ಸೆಂಟಿಮೀಟರ್‌ನೊಳಗೇ ಇರುತ್ತವೆ. ಆಡು ಎತ್ತರದ ಸೊಪ್ಪು ತಿನ್ನುವ ಪ್ರಾಣಿ. ಬೇಲಿಗೆ ಮುಂಗಾಲು ಕೊಟ್ಟು ಚಿಗುರು ಕೀಳುವ ಜೀವಕ್ಕೆ ಈ ಹುಳಗಳ ಕಾಟ ಕಡಿಮೆಯಿತ್ತು, ಹಾಗಾಗಿ ಅವುಗಳ ವಿರುದ್ಧ ಕುರಿಗಿರುವಷ್ಟು ಪ್ರತಿರೋಧವೂ ಬೆಳೆಯಲಿಲ್ಲ. ಗೋಮಾಳ ಕರಗಿ, ಕುರುಚಲು ಕಾಡು ತೋಟವಾಗಿ, ಆಡನ್ನು ಕೆರೆಯಂಗಳದ ಗಿಡ್ಡ ಹುಲ್ಲಿಗೆ ಬಿಟ್ಟಾಗ ನಾವು ಅದನ್ನು ಹುಳದ ಬಾಯಿಗೆ ಬಿಟ್ಟಂತಾಯಿತು. ಮಳೆಗಾಲದಲ್ಲಿ ಇಬ್ಬನಿ ಆರಿ, ಹುಲ್ಲಿನ ಮೇಲಿನ ತೇವ ಹೋಗುವವರೆಗೆ ಹೊರಗೆ ಬಿಡಬೇಡಿ ಎಂದು ಹಿರಿಯರು ಹೇಳುತ್ತಿದ್ದುದರ ಹಿಂದೆ ಈ ವಿಜ್ಞಾನವಿದೆ. ನೀರು ನಿಂತ ತಗ್ಗುಗಳಲ್ಲಿ ಬಸವನಹುಳುವಿನ ಮೂಲಕ ಬರುವ ಯಕೃತ್ತಿನ ಚಪ್ಪಟೆ ಹುಳು ಬೇರೆ. ಅಲ್ಲಿಗೆ ಬಿಡದಿರುವುದೇ ಲೇಸು.

ರಕ್ತ ಹೋಗಿದೆಯೇ ಎಂದು ನೋಡಲು ಕಣ್ಣಿನ ಕೆಳರೆಪ್ಪೆ ಬಿಡಿಸಿದರೆ ಸಾಕು. ಕೆಂಪಾಗಿದ್ದರೆ ಚಿಂತೆಯಿಲ್ಲ, ಬಿಳಿಚಿದ್ದರೆ ಅಪಾಯ. ದಕ್ಷಿಣ ಆಫ್ರಿಕದವರು ಇದಕ್ಕೆಂದೇ ಐದು ಬಣ್ಣಗಳ ಫಮಾಚಾ ಎಂಬ ಪಟ್ಟಿ ಮಾಡಿದ್ದಾರೆ. ಕಣ್ಣನ್ನು ಪಟ್ಟಿಗೆ ಹೋಲಿಸಿ, ಬಿಳಿಚಿದ ಆಡಿಗೆ ಮಾತ್ರ ಔಷಧಿ ಕೊಡುವುದು ಅದರ ಉದ್ದೇಶ. ಗದ್ದದ ಕೆಳಗೆ ನೀರು ತುಂಬಿ ಜೋತುಬಿದ್ದರೆ ಆಗಲೇ ತಡವಾಗಿದೆ ಎಂದರ್ಥ. ಆಡಿನ ಮೈ ಜಂತುಹುಳು ಔಷಧಿಯನ್ನು ಕುರಿಗಿಂತ ಬೇಗ ಕರಗಿಸಿ ಹೊರಹಾಕುತ್ತದೆ, ಆದ್ದರಿಂದ ಕುರಿಯ ಅಳತೆ ಆಡಿಗೆ ಸಾಲದೆ ಹೋಗಬಹುದು. ಅರೆಬರೆ ಪ್ರಮಾಣದಲ್ಲಿ ಪದೇಪದೇ ಕುಡಿಸಿದರೆ ಹುಳಗಳೇ ಔಷಧಿಗೆ ಒಗ್ಗಿಕೊಳ್ಳುತ್ತವೆ. ಮೆಡಿಕಲ್ ಅಂಗಡಿಯಿಂದ ತಂದು ಅಂದಾಜಿನಲ್ಲಿ ಕುಡಿಸುವ ಬದಲು ಆಡಿನ ತೂಕ ಹೇಳಿ ಪಶುವೈದ್ಯರಿಂದ ಅಳತೆ ಬರೆಸಿಕೊಳ್ಳಿ.

ಆರಿದ್ರಾ ಮಳೆಯ ಹೊತ್ತಿಗೆ ಹಸಿರು ಚಿಗುರಿದಾಗ ಇನ್ನೊಂದು ಪೆಟ್ಟು ಕಾದಿರುತ್ತದೆ. ಬೇಸಿಗೆಯಿಡೀ ಒಣ ಮೇವು ತಿಂದ ಹೊಟ್ಟೆಗೆ ಎಳೆ ಹುಲ್ಲು ಒಮ್ಮೆಲೇ ಬಿದ್ದರೆ ಕರುಳಿನಲ್ಲಿರುವ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾ ಹೆಚ್ಚಿ ವಿಷ ಉಗುಳುತ್ತದೆ. ಸಂಜೆ ಚೆನ್ನಾಗಿದ್ದ, ಮಂದೆಯಲ್ಲೇ ಪುಷ್ಟವಾಗಿದ್ದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಕರುಳುಬೇನೆ ಎನ್ನುವುದು ಇದನ್ನೇ. ಮೇ ತಿಂಗಳಲ್ಲಿ ಲಸಿಕೆ ಹಾಕಿಸುವುದು, ಹೊರಗೆ ಬಿಡುವ ಮುಂಚೆ ತೊಗರಿ ಹೊಟ್ಟು, ಹುರುಳಿ ಹೊಟ್ಟು, ಶೇಂಗಾ ಬಳ್ಳಿ ಏನಾದರೂ ಒಣ ಮೇವನ್ನು ಹೊಟ್ಟೆಗೆ ಹಾಕಿ ಕಳಿಸುವುದು, ಇವೆರಡೂ ಕೈಲಾಗದ ಕೆಲಸಗಳೇನಲ್ಲ. ಒಣ ಮೇವಿನ ಮೇಲೆ ಹಸಿರು ಬಿದ್ದರೆ ಹೊಟ್ಟೆ ಉಬ್ಬರವೂ ಕಡಿಮೆ. ನಾರು ಕೊಳೆಯುವಾಗ ಹೊಟ್ಟೆಯಲ್ಲಿ ಹುಟ್ಟುವ ಶಾಖ ಚಳಿಗೂ ಒದಗುತ್ತದೆ. ಬರ ಬಿದ್ದು ಆಮೇಲೆ ಮಳೆ ಕಂಡ ಜೋಳದ ಎಳೆ ಪೈರು, ಕುಳೆಗಳಿಂದ ಆಡನ್ನು ದೂರವಿಡಿ, ಅದರಲ್ಲಿ ಸಯನೈಡ್ ವಿಷ ಇರುತ್ತದೆ. ಬೂಷ್ಟು ಹಿಡಿದ ಹಿಂಡಿ, ಮೆಕ್ಕೆಜೋಳವನ್ನು ಆಡಿಗಾದರೂ ಆಗುತ್ತದೆ ಎಂದು ಹಾಕಬೇಡಿ.

ವಾರಗಟ್ಟಲೆ ಮಳೆ ಹಿಡಿದರೆ ಏನು ಹಾಕುವುದು? ಹಲಸು, ಅತ್ತಿ, ಆಲ, ನುಗ್ಗೆ, ಅಗಸೆ, ಸುಬಾಬುಲ್, ಹಾಲಿವಾಣ. ಬೇಲಿಯಲ್ಲಿ ಇವಿದ್ದರೆ ಮಳೆಗಾಲದ ಅರ್ಧ ಚಿಂತೆ ಹೋಯಿತು. ಕಡಿದ ಸೊಪ್ಪಿನ ನೀರು ಜಾಡಿಸಿ, ಸೂರಿನ ಕೆಳಗೆ ಸ್ವಲ್ಪ ಬಾಡಿಸಿ, ಕಂತೆ ಕಟ್ಟಿ ಆಡಿನ ತಲೆಯ ಮಟ್ಟಕ್ಕೆ ತೂಗುಹಾಕಬೇಕು. ನೆಲಕ್ಕೆ ಬಿದ್ದು ತುಳಿದದ್ದನ್ನು ಅದು ಮೂಸುವುದೂ ಇಲ್ಲ.

ಮೇಯಲು ಹೋದಾಗ ಸಿಡಿಲು-ಗುಡುಗು ಬಂದರೆ ಒಂಟಿ ಮರದ ಬುಡಕ್ಕೆ ಮಂದೆಯನ್ನು ಒಯ್ಯಬಾರದು. ಸಿಡಿಲು ನೆಲಕ್ಕಿಳಿದು ಹರಡುವಾಗ ಮುಂಗಾಲು-ಹಿಂಗಾಲುಗಳ ನಡುವಿನ ವಿದ್ಯುತ್ ಒತ್ತಡದ ಅಂತರ ಪ್ರಾಣಿಯ ಮೈಮೂಲಕವೇ ಹಾಯುತ್ತದೆ, ಒಂದೇ ಸಿಡಿಲಿಗೆ ಹಲವು ಆಡು ಒಟ್ಟಿಗೆ ಸಾಯುವುದು ಹೀಗೆ. ಕಾಯುವವರ ಜೀವವೂ ಅಲ್ಲೇ ಇರುತ್ತದೆ. ಮನೆಗೆ ಬಂದ ಮೇಲೆ ಗೊರಸಿನ ಸಂದಿನ ಕೆಸರು ತೆಗೆದು ಒರೆಸಿ. ಬೆಳೆದ ಗೊರಸನ್ನು ಮಳೆಗೆ ಮುಂಚೆಯೇ ಕತ್ತರಿಸಿಡಬೇಕು. ಕುಂಟುವ ಆಡಿದ್ದರೆ ಮೈಲುತುತ್ತದ ಶೇಕಡಾ 5ರಿಂದ 10ರ ದ್ರಾವಣದಲ್ಲಿ ಕಾಲು ಅದ್ದಿಸುತ್ತಾರೆ, ಆ ನೀರನ್ನು ಆಡು ಕುಡಿಯದಂತೆ ನೋಡಿಕೊಳ್ಳಬೇಕು.

ತಳಿಯ ಬಗ್ಗೆ ಒಂದು ಮಾತು. ನಂದಿದುರ್ಗ, ಬೀದರಿ ತಳಿಗಳು ನಮ್ಮವು, ಆದರೆ ಒಣನಾಡಿನವು. ಚಿತ್ರದುರ್ಗದ ಕಡೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ, ಆಗುಂಬೆಯಲ್ಲಿ 7,000ಕ್ಕೂ ಹೆಚ್ಚು. ಅಲ್ಲಿನ ಆಡು ಇಲ್ಲಿಗೆ ಬಂದರೆ ಬೇರೆ ದೇಶಕ್ಕೇ ಬಂದಂತೆ. ರಾಜಸ್ಥಾನದ ಸಿರೋಹಿಯನ್ನು ಜೂನ್‌ನಲ್ಲಿ ಲಾರಿ ತುಂಬಿಸಿಕೊಂಡು ಘಟ್ಟಕ್ಕೆ ತರುವುದು ನನಗೆ ಒಪ್ಪಿಗೆಯಾಗದ ಕೆಲಸ. ಮಲಬಾರಿ, ಸಿಂಧುದುರ್ಗದ ಕೊಂಕಣ ಕನ್ಯಾಳ್ ತಳಿಗಳು ಮಳೆನಾಡಿನಲ್ಲೇ ಬೆಳೆದವು. ಕೊಳ್ಳುವುದಾದರೆ ಮಳೆಗಾಲ ಮುಗಿದ ಮೇಲೆ ಕೊಂಡು, ಮುಂದಿನ ಮಳೆಗೆ ಒಗ್ಗಲು ಆರೇಳು ತಿಂಗಳು ಬಿಡುವು ಕೊಡಬೇಕು. ಸರ್ಕಾರದ ನೆರವಿನಲ್ಲಿ ದೊಡ್ಡಿ ಕಟ್ಟಿಸುವಾಗಲೂ ಚಳ್ಳಕೆರೆಗೆ ಒಂದು ನಕ್ಷೆ, ತೀರ್ಥಹಳ್ಳಿಗೆ ಇನ್ನೊಂದು ನಕ್ಷೆ ಇರಬೇಕೆಂದು ನನ್ನ ಆಸೆ.

ಮಳೆಯಲ್ಲಿ ಎಲ್ಲಕ್ಕಿಂತ ಬೇಗ ಸೋಲುವುದು ಆಗತಾನೇ ಹುಟ್ಟಿದ ಮರಿ. ಎರಡು ಕಿಲೊ ತೂಕ, ಮೈಯೆಲ್ಲ ಒದ್ದೆ, ಒಳಗಿರುವ ಕೊಬ್ಬು ಕೆಲವೇ ಗಂಟೆಗೆ ಸಾಕಾಗುವಷ್ಟು. ತಾಯಿ ನೆಕ್ಕುತ್ತಿರುವಾಗಲೇ ಒಣ ಗೋಣಿತಾಟಿನಿಂದ ಉಜ್ಜಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ, ಮೊದಲ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಸಬೇಕು. ಬಾಯೊಳಗೆ ಬೆರಳಿಟ್ಟಾಗ ತಣ್ಣಗಿದ್ದರೆ ಮರಿ ಶಾಖ ಕಳೆದುಕೊಂಡಿದೆ. ಆಗ ಹಾಲು ಹೊಯ್ಯಲು ಹೋಗಬೇಡಿ, ನುಂಗುವ ಶಕ್ತಿಯಿಲ್ಲದೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಒಣ ಬಟ್ಟೆಯಲ್ಲಿ ಸುತ್ತಿ, ಬಿಸಿನೀರಿನ ಬಾಟಲಿಯನ್ನು ಬಟ್ಟೆಯೊಳಗೆ ಇಟ್ಟೋ, ನಿಮ್ಮ ಮೈಗೆ ಅವಚಿಕೊಂಡೋ ಬೆಚ್ಚಗೆ ಮಾಡಿ. ತಲೆಯೆತ್ತಿ ಚೀಪಲು ಶುರುಮಾಡಿದ ಮೇಲೆ ಹಾಲು.

ಆದರೆ ಆ ಮರಿ ಜಡಿಮಳೆಯ ರಾತ್ರಿ ಹುಟ್ಟುವುದೇ ಬೇಡ ಎಂದರೆ ಅದು ನಮ್ಮ ಕೈಯಲ್ಲಿದೆ. ಆಡಿನ ಗಬ್ಬ 150 ದಿನ. ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಕೂಡಿದ ಆಡುಗಳು ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಈಯುತ್ತವೆ. ಆ ಎರಡೂವರೆ ತಿಂಗಳು ಹೋತವನ್ನು ಬೇರೆ ಕಟ್ಟಿ. ಮಂದೆಯ ಜೊತೆ ಬಿಡಲೇಬೇಕಾದರೆ ಹೊಟ್ಟೆಯ ಕೆಳಗೆ ಗೋಣಿಚೀಲದ ತುಂಡು ಕಟ್ಟಿ ಬಿಡಿ. ಮುಂಗಾರಿನ ಮೊದಲ ಹಸಿರು ತಿಂದು ಆಡುಗಳು ಬೆದೆಗೆ ಬರುವ ಮೇ-ಜೂನ್‌ನಲ್ಲಿ ಬಿಟ್ಟರೆ ಮರಿಗಳು ಅಕ್ಟೋಬರ್-ನವೆಂಬರ್‌ನಲ್ಲಿ ಹುಟ್ಟುತ್ತವೆ. ಹಿಂಗಾರು ಜೋರಾಗಿರುವ ಕೋಲಾರ, ಚಾಮರಾಜನಗರದ ಕಡೆಯವರು ಇನ್ನೂ ಒಂದು ತಿಂಗಳು ತಡಮಾಡಿದರೆ ಒಳ್ಳೆಯದು. ಆಗ ಹೊಲದಲ್ಲಿ ಹುರುಳಿ, ಅವರೆ ಇರುತ್ತದೆ, ತಾಯಿಗೆ ಹಾಲಿರುತ್ತದೆ, ಮರಿಗೆ ಮೊದಲ ಮಳೆಗಾಲ ಬರುವ ಹೊತ್ತಿಗೆ ಏಳೆಂಟು ತಿಂಗಳು ತುಂಬಿರುತ್ತದೆ.